ಆಷಾಢದಲ್ಲಿ ಮಾಡಿದ ಅಪ್‌ಗ್ರೇಡ್: ನನ್ನ ಅನುಭವ

ವಿಂಡೋಸ್ 10ಕ್ಕೆ ಅಪ್‌ಡೇಟ್ ಬರುವುದು 2025ರ ಅಕ್ಟೋಬರ್ 14ಕ್ಕೆ ಕೊನೆ ಅಂತ ಸುದ್ದಿಯಾದಾಗ ಶಿರಸಿಯ ನನ್ನ ಅಂಗಡಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಎಂತಕ್ಕೆ ಮಾರಾಯಾ ಈ ರಗಳೆ? ಎಲ್ಲ ಕಿತ್ತು ಹೊಸಾದು ಹಾಕು." ಮೂರು ಕಂಪ್ಯೂಟರಿಗೆ ಕೊಟೇಶನ್ ತರಿಸಿದೆ. ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ನಮ್ಮದು ಡಿಟಿಪಿ, ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಎರಡು ರೂಪಾಯಿಯ ಝೆರಾಕ್ಸ್ ಎಷ್ಟು ತೆಗೆದರೆ ಅಷ್ಟು ದುಡ್ಡಾಗಬೇಕು, ನೀವೇ ಲೆಕ್ಕ ಹಾಕಿ. ಕೊನೆಗೆ ನನ್ನ ಕೈಯಿಂದ ಹೋದದ್ದು ಏಳೂವರೆ, ಎಂಟು ಸಾವಿರ. ಅದೂ ಒಂದು ತಪ್ಪು ಖರೀದಿ ಸೇರಿಸಿ.

ಮೊದಲು 2020ರ ಕತೆ ಹೇಳಬೇಕು. ಅದಿಲ್ಲದೆ ನಾನು ಇಷ್ಟು ಪುಕ್ಕಲನಾದದ್ದು ಯಾಕೆ ಅಂತ ತಿಳಿಯುವುದಿಲ್ಲ. ಆ ಜನವರಿಯಲ್ಲಿ ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತಿತ್ತು. ಆತುರಕ್ಕೆ ಬಿದ್ದೆ. ಹಳೆ ಡಿಸ್ಕ್ 500 ಜಿಬಿ, ಹೊಸದೂ 500 ಜಿಬಿ, ಎರಡೂ ಒಂದೇ ಕಂಪನಿಯದು. ಒಂದು ಡಿಸ್ಕನ್ನು ಇನ್ನೊಂದಕ್ಕೆ ಇದ್ದ ಹಾಗೇ ನಕಲು (ಕ್ಲೋನ್) ಮಾಡುವ ಕ್ಲೋನ್‌ಜಿಲ್ಲಾ ಹಾಕಿ, ಯಾವುದರಿಂದ ಯಾವುದಕ್ಕೆ ಅಂತ ಅದು ಕೇಳಿದಾಗ ಉಲ್ಟಾ ಒತ್ತಿದೆ. ಅದು ಎರಡೆರಡು ಸಲ ಕೇಳುತ್ತದೆ, ನಾನು ಎರಡೂ ಸಲ ಹೂಂ ಅಂದೆ. ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂತಿತು. ಎರಡು ವರ್ಷದ ಹೇಳಿಕೆ ಕಾಗದ (ಆಮಂತ್ರಣ ಪತ್ರಿಕೆ), ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಎಲ್ಲ ಹೋಯಿತು. ಪ್ರೂಫ್ ಅಂತ ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಪಿಡಿಎಫ್‌ಗಳನ್ನು ಅವರಿಂದಲೇ ಬೇಡಿ ತರಿಸಿಕೊಂಡೆ. ಅರ್ಧ ಸಿಕ್ಕಿತು. ಅಂದಿನಿಂದ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕಂಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಕ್ಲೋನ್ ಶುರು ಮಾಡುವುದಿಲ್ಲ. ಹಳೆಯದಕ್ಕೆ ಕೆಂಪು ಟೇಪು ಸುತ್ತುತ್ತೇನೆ.

ಈ ಸಲ ಮಾಡಿದ್ದು ಹೀಗೆ. ಒಂದೊಂದು ಕಂಪ್ಯೂಟರಿನ ಪಕ್ಕ ಒಂದು ಇನ್ನೂರು ಪೇಜಿನ ಪಟ್ಟಿ (ನೋಟ್‌ಬುಕ್) ಇಟ್ಟೆ. ಹದಿನೈದು ದಿನ ಅದರಲ್ಲಿ ಏನೇನು ತೆರೆದೆವೋ, ಯಾವ ಪ್ರಿಂಟರಿಗೆ ಕಳಿಸಿದೆವೋ, ಯಾವ ಸೈಟ್ ಬೇಕಾಯಿತೋ ಎಲ್ಲಕ್ಕೂ ಗೀಟು. ಕೆಲಸದ ಹುಡುಗಿ ನಕ್ಕಳು. "ಅಣ್ಣಾ, ಇದೆಂತ ಹಾಲಿನ ಲೆಕ್ಕವಾ?" ಹೌದು, ಹಾಲಿನ ಲೆಕ್ಕವೇ. ಹದಿನೈದು ದಿನಕ್ಕೆ ಗೊತ್ತಾದದ್ದು: ಅಪ್‌ಗ್ರೇಡ್ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಪ್ರಿಂಟರ್, ಬೆರಳಚ್ಚಿನ (ಬೆರಳ ಗುರುತು ಓದುವ) ಸಾಧನ ಮತ್ತು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ. ವಿಂಡೋಸ್ ಎಷ್ಟನೆಯದು ಅನ್ನುವುದು ಆಮೇಲಿನ ಮಾತು.

ಆನ್‌ಲೈನ್ ಅರ್ಜಿಯ ಕಂಪ್ಯೂಟರ್ ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರಿನದು. 2021ರಲ್ಲಿ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ವಿಂಡೋಸ್ 11 ಆಗುತ್ತದೋ ಅಂತ ನೋಡುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಹಾಕಿದರೆ "ಆಗುವುದಿಲ್ಲ" ಅಂತ ಕೆಂಪು ಗುರುತು. ನೋಡಲು ಬಂದ ರಿಪೇರಿಯವರೂ ಅದನ್ನೇ ಹೇಳಿ ಹೊರಟರು. ನನಗೆ ಸಮಾಧಾನ ಆಗಲಿಲ್ಲ. ಎಂಟನೇ ತಲೆಮಾರು ಮೈಕ್ರೋಸಾಫ್ಟ್ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿದೆ, ಅಲ್ವಾ? ಬಯಾಸ್‌ಗೆ (ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗಿಗೆ) ಹೋಗಿ ನೋಡಿದರೆ ಇಂಟೆಲ್ ಪಿಟಿಟಿ ಅಂತ ಒಂದು ಸಾಲು, ಅದು ಆಫ್. ಟಿಪಿಎಂ 2.0 (ಭದ್ರತೆಯ ಚಿಪ್) ಅಂತ ವಿಂಡೋಸ್ 11 ಕೇಳುವುದು ಅದನ್ನೇ. ಬೇರೆ ಚಿಪ್ ಕೊಳ್ಳಬೇಕಾಗಿಲ್ಲ. ಆನ್ ಮಾಡಿದೆ.

ಅಲ್ಲೇ ಇನ್ನೊಂದು ಕೋತಿ ಕೆಲಸ ಮಾಡಿದೆ. ಅದೇ ಉತ್ಸಾಹದಲ್ಲಿ ಕಂಪ್ಯೂಟರ್ ಏಳುವ ಹಳೆ ವಿಧಾನವಾದ ಲೆಗಸಿ ಬೂಟ್ ಆಫ್ ಮಾಡಿ ಹೊಸ ವಿಧಾನ ಯುಇಎಫ್‌ಐ ಹಾಕಿಬಿಟ್ಟೆ. ಡಿಸ್ಕ್ ಇನ್ನೂ ಎಂಬಿಆರ್ ಅನ್ನುವ ಹಳೆ ವಿನ್ಯಾಸದಲ್ಲಿದೆ, ಎಲ್ಲಿ ಬೂಟ್ ಆಗಬೇಕು? ಹೊರಗೆ ಬೆಳೆಸಾಲದ ಅರ್ಜಿಗೆ ಬಂದ ಏಳೆಂಟು ಜನ ಛತ್ರಿ ಮಡಚಿಕೊಂಡು ನಿಂತಿದ್ದಾರೆ, ಒಳಗೆ ಕಪ್ಪು ಪರದೆ. ಹಿಂದಿನಂತೆ ಮಾಡಿದ ಮೇಲೆ ಎದ್ದಿತು. ಮೊದಲು ಡಿಸ್ಕನ್ನು ಹೊಸ ವಿನ್ಯಾಸ ಜಿಪಿಟಿಗೆ ಬದಲಿಸಬೇಕು, ಬಯಾಸ್ ಆಮೇಲೆ. ಅದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಇದೆ, ನಿಮಗೆ ಗೊತ್ತಿರುತ್ತದೆ. ಆದರೆ ನಮ್ಮ ಕಡೆ ಎಲ್ಲರ ಡಿಸ್ಕಿನಲ್ಲೂ ಸಿ, ಡಿ, ಇ ಇರುತ್ತವಲ್ಲ, ಆ ಡಿ ಮತ್ತು ಇ ಲಾಜಿಕಲ್ ಪಾರ್ಟಿಶನ್ (ಡಿಸ್ಕಿನ ಒಂದು ಭಾಗದೊಳಗಿನ ಉಪಭಾಗ) ಆಗಿದ್ದರೆ ವ್ಯಾಲಿಡೇಟ್ ಅನ್ನುವ ಮೊದಲ ಪರೀಕ್ಷೆಯಲ್ಲೇ ಆ ಕಮಾಂಡ್ ನಿಂತುಬಿಡುತ್ತದೆ. ಅವನ್ನು ಖಾಲಿ ಮಾಡಿ ಅಳಿಸಲೇಬೇಕು. ಹಳೆ ಡಿಸ್ಕಿನ ಮೇಲೆ ಇದನ್ನೆಲ್ಲ ಮಾಡುವ ಧೈರ್ಯ ನನಗಿಲ್ಲ. ಎಸ್‌ಎಸ್‌ಡಿಗೆ (ವೇಗದ ಹೊಸ ಬಗೆಯ ಡಿಸ್ಕಿಗೆ) ಕ್ಲೋನ್ ಮಾಡಿ, ಅದರ ಮೇಲೆ ಮಾಡೋಣ ಅಂದುಕೊಂಡೆ.

480 ಜಿಬಿಯ ಎಸ್‌ಎಸ್‌ಡಿ ತಂದೆ, ಎರಡೂವರೆ ಸಾವಿರ ಚಿಲ್ಲರೆ. ಹಳೆಯದು 500. ಇಪ್ಪತ್ತು ಜಿಬಿ ಕಡಿಮೆ ಅಂತ ಕ್ಲೋನ್‌ಜಿಲ್ಲಾ ಒಪ್ಪಲಿಲ್ಲ. ಪಾರ್ಟಿಶನ್ ಕುಗ್ಗಿಸಿ ಮಾಡಬಹುದಿತ್ತು, 2020 ನೆನಪಾಗಿ ಕೈ ನಡುಗಿತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಮತ್ತೆ ಎರಡು ಸಾವಿರದ ಒಂಬೈನೂರು ಕೊಟ್ಟು 500ರದ್ದನ್ನೇ ತಂದೆ. ಮನೆಯಲ್ಲಿ ಬೆಲೆ ಹೇಳಲಿಲ್ಲ.

ದಿನ ಆರಿಸಿದ್ದು ಆಷಾಢದಲ್ಲಿ. ಮದುವೆ ಇಲ್ಲ, ಉಪನಯನ ಇಲ್ಲ, ಹೇಳಿಕೆ ಕಾಗದದ ಕೆಲಸವೂ ಇಲ್ಲ. ಒಂದೇ ತೊಂದರೆ, ಆಷಾಢದಲ್ಲಿ ಶಿರಸಿಯ ಕರೆಂಟನ್ನು ನಂಬಿದವರು ಕೆಟ್ಟರು. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಸಂಜೆತನಕ ಕತ್ತಲು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ, ಸಾವಿರದ ನೂರು. ಬೆಳಗಿನ ಜಾವ ಐದಕ್ಕೆ ಅಂಗಡಿ ತೆಗೆದು ಕೂತೆ. ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ, ಅದರ ಮೇಲೆ ಡಿ, ಇಯಲ್ಲಿದ್ದದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದು ಅಳಿಸಿದೆ, ಜಿಪಿಟಿಗೆ ಬದಲಿಸಿದೆ, ಬಯಾಸ್ ಬದಲಿಸಿದೆ. ಎಂಟೂವರೆಗೆ ವಿಂಡೋಸ್ 11 ಎದ್ದು ಕೂತಿತು. ಬೆರಳಚ್ಚಿನ ಸಾಧನ ಮೊದಲ ಸಲಕ್ಕೇ ಹಸಿರು ದೀಪ ಕೊಟ್ಟಿತು. ಲೇಸರ್ ಪ್ರಿಂಟರ್ ಮಾತ್ರ ಎರಡು ದಿನ ಸತಾಯಿಸಿತು. ಅದರ ಡ್ರೈವರನ್ನು (ಪ್ರಿಂಟರನ್ನು ವಿಂಡೋಸಿಗೆ ಹೊಂದಿಸುವ ಪ್ರೋಗ್ರಾಂ) ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯುವುದಿಲ್ಲ. ಹಳೆ ವಿಂಡೋಸಿಗೆ ಹಿಂದಕ್ಕೆ ಹೋಗಲು ವಿಂಡೋಸ್ ಹತ್ತು ದಿನ ಅವಕಾಶ ಕೊಡುತ್ತದೆ. ನನ್ನ ಹಳೆ ಡಿಸ್ಕ್ ಡ್ರಾಯರಿನಲ್ಲಿ ಕೆಂಪು ಟೇಪು ಸುತ್ತಿ ಮಲಗಿದೆ, ಎಷ್ಟು ದಿನಕ್ಕಾದರೂ ಸರಿ.

ಎರಡನೆಯದು 2014ರ ಐ3. ವಿಂಡೋಸ್ 7, 32 ಬಿಟ್, ಪುಟ ವಿನ್ಯಾಸದ ಪೇಜ್‌ಮೇಕರ್, ನುಡಿ. ಪಟ್ಟಿ ನೋಡಿದರೆ ಹದಿನೈದು ದಿನದಲ್ಲಿ ಅದರ ಬ್ರೌಸರ್ ತೆರೆದದ್ದು ಎರಡೇ ಸಲ, ಅದೂ ಕ್ರಿಕೆಟ್ ಸ್ಕೋರಿಗೆ. ವಿಂಡೋಸ್ 7ಕ್ಕೆ ಕ್ರೋಮ್ ಬ್ರೌಸರ್ ಹೇಗೂ 109ನೇ ಆವೃತ್ತಿಯಲ್ಲೇ ನಿಂತಿದೆ. ಪೇಜ್‌ಮೇಕರಿಗೆ ಯುನಿಕೋಡ್ (ಈಗ ಎಲ್ಲ ಕಡೆ ಬಳಸುವ) ಕನ್ನಡ ಬರುವುದಿಲ್ಲ, ನನ್ನ ಹಳೆಯ ಫೈಲುಗಳೆಲ್ಲ ಹಳೆ ನುಡಿ ಫಾಂಟಿನವು. ಇದನ್ನು ಅಪ್‌ಗ್ರೇಡ್ ಮಾಡಿ ನಾನು ಗಳಿಸುವುದು ಏನು? ನೆಟ್ ವೈರ್ ಕಿತ್ತು ಬಿಟ್ಟೆ. ಹಾಗೇ ಇರಲಿ. ಕುತೂಹಲಕ್ಕೆ ಒಂದು ಭಾನುವಾರ ಬೇರೆ ಡಿಸ್ಕಿನಲ್ಲಿ, ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ರೂಫಸ್‌ನಿಂದ ಟಿಪಿಎಂ ಷರತ್ತು ತೆಗೆದು 11 ಹಾಕಿ ನೋಡಿದೆ. ಓಡಿತು, ಚೆನ್ನಾಗಿಯೇ ಓಡಿತು. ಆದರೆ ಮುಂದಿನ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ಗಿರಾಕಿಗಳಿಗೆ ಇದನ್ನು ಹಾಕಿಕೊಡಬೇಡಿ, ವರ್ಷಕ್ಕೊಮ್ಮೆ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಝೆರಾಕ್ಸ್ ಕೌಂಟರಿನ ಹಳೆ ಡಬ್ಬಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. 4 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ. ವಾಟ್ಸಾಪ್ ವೆಬ್, ಪಿಡಿಎಫ್, ಅಷ್ಟೇ ಅದರ ಕೆಲಸ. ಕನ್ನಡಕ್ಕೆ ಐಬಸ್ ಅನ್ನುವ ಟೈಪಿಂಗ್ ಸೌಲಭ್ಯದಲ್ಲಿ ಕೆಜಿಪಿ (ನುಡಿಯದ್ದೇ ವಿನ್ಯಾಸದ) ಕೀಲಿಮಣೆ ಸಿಗುತ್ತದೆ, ನುಡಿ ಕಲಿತ ಬೆರಳಿಗೆ ಬೇರೆ ಅಭ್ಯಾಸ ಬೇಡ. ನಿರೀಕ್ಷಿಸದ ಲಾಭ ಇನ್ನೊಂದು: ಶಾಲೆ ಮಕ್ಕಳು ತರುವ ಪೆನ್‌ಡ್ರೈವ್‌ಗಳನ್ನು ಮೊದಲು ಇದಕ್ಕೇ ಹಾಕುತ್ತೇನೆ. ಶಾರ್ಟ್‌ಕಟ್ ವೈರಸ್ ಇಲ್ಲಿ ಬರೀ ಒಂದು ಫೈಲಾಗಿ ಬೆಪ್ಪನಂತೆ ಕೂತಿರುತ್ತದೆ. ಅಳಿಸಿ, ಬೇಕಾದದ್ದನ್ನು ಮಾತ್ರ ಪೇಜ್‌ಮೇಕರ್ ಕಂಪ್ಯೂಟರಿಗೆ ಕೊಡುತ್ತೇನೆ.

ಮನೆಯ ಲ್ಯಾಪ್‌ಟಾಪಿಗೆ 11 ಆಗುವುದಿಲ್ಲ. ಅದಕ್ಕೆ ವಿಂಡೋಸ್ 10ರ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ತಗೊಂಡೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ದರಿಂದ ದುಡ್ಡು ಕೊಡಬೇಕಾಗಲಿಲ್ಲ.

ಈ ಸುದ್ದಿ ಹರಡಿ ಅಡಿಕೆ ವ್ಯಾಪಾರಿಯೊಬ್ಬರು ಬಂದರು. ಮಗ ಹೊಸ ಕಂಪ್ಯೂಟರ್ ತಂದಿದ್ದ, 11 ಇರುವುದು. ಅದರಲ್ಲಿ ಅವರ ಬಿಲ್ ಪ್ರೋಗ್ರಾಂ ತೆರೆಯುವುದಿಲ್ಲ. ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಯಾರೋ ಬರೆದುಕೊಟ್ಟದ್ದು. 64 ಬಿಟ್ ವಿಂಡೋಸಿನಲ್ಲಿ ಅದು ಏಳುವುದೇ ಇಲ್ಲ, ಅದು ಓಡುವ 32 ಬಿಟ್ ಆವೃತ್ತಿ 11ಕ್ಕೆ ಇಲ್ಲವೇ ಇಲ್ಲ. ಹೊಸದಾಗಿ ಬರೆಸಲು ಮೂವತ್ತೈದು ಸಾವಿರ ಕೇಳಿದ್ದರಂತೆ. "ತಮಾ, ನಂಗೆ ರಾಶಿ, ಚಾಲಿ, ಬೆಟ್ಟೆ ಎಲ್ಲ ಹಳೆ ಜಾಗದಲ್ಲೇ ಬರಬೇಕು" ಅಂದರು, ಅಡಿಕೆಯ ಬಗೆಗಳವು. ಹೊಸ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ವಿಡಾಸ್ ಹಾಕಿದೆ. ಪ್ರೋಗ್ರಾಂ ಐದು ನಿಮಿಷಕ್ಕೆ ತೆರೆಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೂಕದ ಕಾಲಂ ದರದ ಕಾಲಮಿನ ಮೇಲೆ ಹತ್ತಿ ಕೂರುತ್ತಿತ್ತು, ಅದನ್ನು ಇಳಿಸಲು ಒಂದೂವರೆ ದಿನ. ಎರಡೂವರೆ ಸಾವಿರ ತಗೊಂಡೆ, ಜೊತೆಗೆ ಒಂದು ಗೊನೆ ಬಾಳೆಹಣ್ಣು. ದಂಡವಾಗಿ ಬಿದ್ದಿದ್ದ 480 ಜಿಬಿಯ ಎಸ್‌ಎಸ್‌ಡಿಯನ್ನು ಅವರಿಗೇ ಬ್ಯಾಕಪ್ಪಿಗೆ ಅಂತ ಕೊಂಡ ಬೆಲೆಗೇ ಕೊಟ್ಟೆ. ಹೋಗುವಾಗ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುತ್ತೇನೆ ಅಂದರು. ಬೇಡ, ಒಂದು ಅಡಿಕೆ ಸುಗ್ಗಿ ಮುಗಿಯುವತನಕ ಮೂಲೆಯಲ್ಲಿರಲಿ, ವಾರಕ್ಕೊಮ್ಮೆ ಆನ್ ಮಾಡಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ ಅಂದೆ. ಈಗ ಪ್ರತಿ ಶನಿವಾರ ಆನ್ ಮಾಡಿ, ನನಗೆ ಫೋನ್ ಹಚ್ಚಿ, "ಎದ್ದಿದೆ" ಅಂತ ಹೇಳಿ ಇಡುತ್ತಾರೆ.