ಟೆಲಿಸ್ಕೋಪ್ ಆಮೇಲೆ, ಮೊದಲು ಅಗಸ್ತ್ಯನನ್ನು ಹುಡುಕಿ

ನಕ್ಷತ್ರ ನೋಡಲು ಶುರು ಮಾಡ್ಬೇಕು, ಯಾವ ಟೆಲಿಸ್ಕೋಪ್ ತಗೊಳ್ಳಲಿ ಅಂತ ತುಂಬ ಜನ ಕೇಳುತ್ತಾರೆ. ಸದ್ಯಕ್ಕೆ ಯಾವುದೂ ಬೇಡ, ಅಗಸ್ತ್ಯನಂಥ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಮಂಗಳೂರು, ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಟ್ಟರೆ ಬೇರೇನೂ ಕಾಣುವುದೇ ಅಪರೂಪ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೋಡಿ, ಅದರಲ್ಲೂ ಅಮಾವಾಸ್ಯೆಯ ಆಸುಪಾಸು.

ಮಲ್ಪೆ, ಪಣಂಬೂರಿನ ದೀಪಗಳಿಂದ ದೂರ, ಕತ್ತಲಿರುವ ಕಡಲತೀರ ಹುಡುಕಿ. ಒಬ್ಬರೇ ಹೋಗಬೇಡಿ, ನೀರಿಗಿಳಿಯಬೇಡಿ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಎಡಗೈ ಕಡೆ ದಕ್ಷಿಣ, ಬಲಗೈ ಕಡೆ ಉತ್ತರ, ದಿಕ್ಸೂಚಿಯೇ ಬೇಡ. ಇನ್ನು ಮೊಬೈಲ್ ಕಿಸೆಗೆ ಹಾಕಿ ಇಪ್ಪತ್ತು ನಿಮಿಷ ಸುಮ್ನೆ ಕೂತಿರಿ, ಯಾಕಂದ್ರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು, ನಡುವೆ ಒಮ್ಮೆ ವಾಟ್ಸಾಪ್ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು.

ಫೆಬ್ರವರಿಯಲ್ಲಿ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ ತಲೆ ಎತ್ತಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ, ಅದು ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಸೊಂಟಪಟ್ಟಿ. ಆ ಸಾಲನ್ನೇ ಎಡಕ್ಕೆ, ಕೆಳಕ್ಕೆ ಎಳೆದರೆ ಲುಬ್ಧಕ (ಸಿರಿಯಸ್) ಸಿಗುತ್ತದೆ. ರಾತ್ರಿ ಆಕಾಶದಲ್ಲಿ ಅದಕ್ಕಿಂತ ಹೊಳೆಯುವ ನಕ್ಷತ್ರ ಇಲ್ಲ. ಅಲ್ಲಿಂದ ಕೆಳಗೆ, ದಕ್ಷಿಣದ ದಿಗಂತದ ಕಡೆಗೆ ಇಳಿಯಿರಿ: ಹೊಳಪಿನಲ್ಲಿ ಎರಡನೇ ಸ್ಥಾನದ ಅಗಸ್ತ್ಯ (ಕ್ಯಾನೋಪಸ್). ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಗಸ್ತ್ಯ ಇರುವುದು ದಿಗಂತದಿಂದ ಎರಡೂವರೆ ಮುಷ್ಟಿಯಷ್ಟು ಎತ್ತರದಲ್ಲಿ.

ನನಗೆ ಇವನ ಮೇಲೆ ಪ್ರೀತಿ ಜಾಸ್ತಿ. ಲಂಡನ್‌ನಲ್ಲಿರುವವರಿಗೆ ಇವನು ಹುಟ್ಟುವುದೇ ಇಲ್ಲ, ನಮಗೆ ಮನೆಯ ತಾರಸಿಯಿಂದಲೇ ಕಾಣುತ್ತಾನೆ. 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಇವನನ್ನು ಗುರುತಿಸಲೆಂದೇ ಒಂದು ಉಪಕರಣ ಇತ್ತು, ಸೂರ್ಯನನ್ನೂ ಇವನನ್ನೂ ಗುರುತಿಟ್ಟುಕೊಂಡು ನೌಕೆ ತನ್ನ ದಿಕ್ಕು ಸರಿ ಮಾಡಿಕೊಳ್ಳುತ್ತಿತ್ತು.

ಧ್ರುವ ನೋಡಬೇಕಾದರೆ ಉತ್ತರಕ್ಕೆ ತಿರುಗಿ. ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಅಷ್ಟೇ, ತೆಂಗಿನಮರ ಅಡ್ಡ ಬಂದರೆ ಕಾಣುವುದೇ ಇಲ್ಲ. ಊರಿನ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, ನಮ್ಮದು ಸುಮಾರು 13 ಡಿಗ್ರಿ ಅಲ್ವಾ!

ಇಷ್ಟು ಗುರುತು ಸಿಕ್ಕ ಮೇಲೆ 10x50 ಬೈನಾಕ್ಯುಲರ್ ತಗೊಳ್ಳಿ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 50 ಮಿ.ಮೀ. ಅಗಲದ್ದು). ಕೃತ್ತಿಕೆಯ ಗುಂಪನ್ನು ಅದರಲ್ಲೊಮ್ಮೆ ನೋಡಿ, ಬರಿಗಣ್ಣಿಗೆ ಆರೇಳು ಕಾಣುವ ಕಡೆ ಹತ್ತಾರು ನಕ್ಷತ್ರ ಕಾಣುತ್ತವೆ. ಪಿಲಿಕುಳದ ತಾರಾಲಯಕ್ಕೂ ಮಕ್ಕಳನ್ನು ಕರ್ಕೊಂಡು ಹೋಗಿ.

ಏಪ್ರಿಲ್ ಕೊನೆಗೆ ರಾತ್ರಿ ಹತ್ತಕ್ಕೆ ಮತ್ತೆ ಬನ್ನಿ. ದಕ್ಷಿಣದಲ್ಲಿ ತಗ್ಗಿನಲ್ಲಿ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕು (ಸದರ್ನ್ ಕ್ರಾಸ್) ನಿಂತಿರುತ್ತಾನೆ. ಅವನ ಎಡಕ್ಕೆ, ಇನ್ನೂ ಕೆಳಗೆ ಆಲ್ಫಾ ಸೆಂಟಾರಿ ಎಂಬ ನಕ್ಷತ್ರ. ಅದರ ಬೆಳಕು ಅಲ್ಲಿಂದ ಹೊರಟು ನಾಲ್ಕು ವರ್ಷ ದಾಟಿದೆ. ಆಗ ಒಂದನೇ ಕ್ಲಾಸಿನಲ್ಲಿದ್ದ ಮಗು ಈಗ ಐದನೇ ಕ್ಲಾಸು.