ಬ್ರೇಕಿಗೆ ಎಣ್ಣೆ ಬಿಡುವವರಿಗೆ ಒಂದಿಷ್ಟು ಬುದ್ಧಿಮಾತು

ಮಕ್ಕಳ ಸೈಕಲ್ಲಿನ ಬ್ರೇಕ್ ಕಿರುಗುಟ್ಟಿತೆಂದು ಅದಕ್ಕೆ ಎಣ್ಣೆ ಬಿಡುವ ತಂದೆ ತಾಯಂದಿರನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಸದ್ದು ಬಂದ ಕಡೆ ಎಣ್ಣೆ ಹಾಕಬೇಕೆಂಬುದು ಬಾಗಿಲಿನ ಕೀಲಿಗೆ ಸರಿಯಾದ ಮಾತು, ಬ್ರೇಕಿಗಲ್ಲ. ಬ್ರೇಕ್ ಇರುವುದೇ ಉಜ್ಜಿ ಹಿಡಿದು ನಿಲ್ಲಿಸುವುದಕ್ಕೆ. ಆ ಉಜ್ಜುವ ಜಾಗವನ್ನೇ ಜಾರುವಂತೆ ಮಾಡಿ, ಸದ್ದು ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಂಡು, ಮಗುವನ್ನು ಇಳಿಜಾರಿನ ರಸ್ತೆಗೆ ಕಳುಹಿಸಿದರೆ, ಅದು ಹೆದರಿ ಲಿವರ್ ಒತ್ತಿದ ಗಳಿಗೆಯಲ್ಲಿ ಏನಾಗಬಹುದೆಂದು ಯೋಚಿಸಬೇಡವೇ? ಈಗಿನವರು ಸೈಕಲ್ಲನ್ನು ಚೆನ್ನಾಗಿ ತೊಳೆಯುತ್ತಾರೆ, ಫ್ರೇಮನ್ನು ಹೊಳೆಯುವಂತೆ ಒರೆಸುತ್ತಾರೆ, ಡಬ್ಬಿಯ ಸ್ಪ್ರೇ ಹಿಡಿದು ಚಕ್ರದ ಸುತ್ತ ಧಾರಾಳವಾಗಿ ಚಿಮುಕಿಸುತ್ತಾರೆ. ಸೈಕಲ್ ನಿಲ್ಲುತ್ತದೆಯೇ ಎಂದು ಮಾತ್ರ ನೋಡುವುದಿಲ್ಲ. ಮಕ್ಕಳ ಸೈಕಲ್ಲು ಮೊದಲು ನಿಲ್ಲಬೇಕು, ಓಡುವ ಮಾತು ಆಮೇಲಿನದು.

ಬ್ರೇಕ್ ಕಿರುಗುಟ್ಟುವುದಕ್ಕೆ ಕಾರಣಗಳಿವೆ, ಅವುಗಳಲ್ಲಿ ಎಣ್ಣೆಯ ಕೊರತೆ ಒಂದಲ್ಲ. ಬ್ರೇಕ್ ರಬ್ಬರಿನ ಮುಖ ಉಜ್ಜಿ ಉಜ್ಜಿ ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಅದರೊಳಗೆ ಮರಳು ಕೂತಿರುತ್ತದೆ, ಇಲ್ಲವೇ ರಬ್ಬರು ರಿಮ್ಮಿಗೆ ತಪ್ಪು ಓರೆಯಲ್ಲಿ ತಾಗುತ್ತಿರುತ್ತದೆ. ಇದಕ್ಕೆ ನಾನು ಮಾಡುವ ಒಂದು ಕೆಲಸವಿದೆ. ಮನೆಯವರಿಗೆ ಅದು ಅತಿಯೆನಿಸುತ್ತದೆ, ಆದರೂ ನಾನು ಬಿಟ್ಟಿಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಒಳ್ಳೆಯ ಬೆಳಕಿರುವ ಕಡೆ ಕುಳಿತು, ಪಕ್ಕದಲ್ಲಿ ಒಂದು ಬಿಳಿ ಬಟ್ಟೆ ಹಾಸಿಕೊಂಡು, ಒಂದು ಬದಿಯ ಬ್ರೇಕ್ ರಬ್ಬರನ್ನು ಮಾತ್ರ ಬಿಚ್ಚಿ. ನಟ್ಟಿನ ಜೊತೆ ಬರುವ ವಾಷರುಗಳಲ್ಲಿ ಕೆಲವು ದಪ್ಪ, ಕೆಲವು ತೆಳು, ಕೆಲವಕ್ಕೆ ಒಂದು ಬದಿ ತಗ್ಗಾಗಿ ಇನ್ನೊಂದು ಬದಿ ಉಬ್ಬಾಗಿರುತ್ತದೆ. ಅವು ಯಾವ ಕ್ರಮದಲ್ಲಿ ಹೊರಬಂದವೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಬೇಡಿ, ಮರುಜೋಡಣೆಯಲ್ಲಿ ಅನುಮಾನ ಬಂದರೆ ಇನ್ನೊಂದು ಬದಿಯನ್ನು ನೋಡಿಕೊಳ್ಳಬಹುದು. ಈಗ ರಬ್ಬರಿನ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕರಿಯ ಮುಖದಲ್ಲಿ ಅಲ್ಲಲ್ಲಿ ಬೆಳ್ಳಗೆ ಮಿನುಗುವ ಚುಕ್ಕೆಗಳು ಕಂಡರೆ ಅವು ರಿಮ್ಮಿನಿಂದ ಕಿತ್ತುಬಂದ ಅಲ್ಯೂಮಿನಿಯಂ ಚೂರುಗಳು; ಅವು ಅಲ್ಲೇ ಕುಳಿತಿದ್ದು ಪ್ರತಿ ಸಲ ಬ್ರೇಕ್ ಹಿಡಿದಾಗಲೂ ರಿಮ್ಮನ್ನು ಮತ್ತಷ್ಟು ಕೊರೆಯುತ್ತವೆ. ದಪ್ಪ ಸೂಜಿಯ ತುದಿಯಿಂದ ಅವನ್ನು ಒಂದೊಂದಾಗಿ ಎಬ್ಬಿಸಿ ತೆಗೆಯಿರಿ. ಉಗುರಿನಿಂದ ಕೆರೆದರೆ ಬರುವುದಿಲ್ಲ, ನಿಮ್ಮ ಉಗುರು ಹಾಳಾಗುತ್ತದೆ ಅಷ್ಟೇ. ರಬ್ಬರಿನಲ್ಲಿರುವ ಗೆರೆಗಳ ಒಳಗೂ ಸೂಜಿ ಆಡಿಸಿ ಮಣ್ಣು ತೆಗೆಯಿರಿ. ಆ ಗೆರೆಗಳೇ ಸವೆದು ಮಾಯವಾಗಿದ್ದರೆ ಇಷ್ಟೆಲ್ಲ ಶ್ರಮ ಬೇಡ, ಹೊಸ ರಬ್ಬರ್ ಹಾಕಿಸಿ.

ಆಮೇಲೆ ಉಪ್ಪುಕಾಗದವನ್ನು ಸಮತಟ್ಟಾದ ಹಲಗೆಯ ಮೇಲೆ ಹಾಸಿ, ರಬ್ಬರಿನ ಮುಖವನ್ನು ಅದರ ಮೇಲೆ ಮಲಗಿಸಿ, ಹೊಳಪು ಹೋಗಿ ಮಂಕುಕಪ್ಪು ಬರುವವರೆಗೆ ಹಗುರವಾಗಿ ಉಜ್ಜಿ. ಕಾಗದವನ್ನು ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚುಗಳು ದುಂಡಗಾಗುತ್ತವೆ, ಆದ್ದರಿಂದ ಹಲಗೆ ಬೇಕೇ ಬೇಕು. ರಿಮ್ಮಿನ ಎರಡೂ ಬದಿಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಕೊನೆಗೆ ಒಣ ಬಟ್ಟೆಗೆ ಕಪ್ಪು ಹತ್ತದಿರುವವರೆಗೆ ಒರೆಸಿ. ಹಾಗೆ ಒರೆಸುವಾಗ ರಿಮ್ಮಿನ ಬದಿ ಬೆರಳಿಗೆ ತಗ್ಗಾಗಿ ಸಿಕ್ಕಿದರೆ ಅದು ಸವೆದು ತೆಳುವಾಗಿದೆ ಎಂದರ್ಥ. ಅಂಥ ರಿಮ್ಮನ್ನು ಬದಲಾಯಿಸದೆ ಓಡಿಸಲು ಬಿಡಬಾರದು.

ಇನ್ನು ಜೋಡಿಸುವ ಬಗೆ. ರಬ್ಬರು ರಿಮ್ಮಿಗೆ ಪೂರ್ತಿಯಾಗಿ ತಾಗಬೇಕು. ಮೇಲಕ್ಕೆ ಹೋದರೆ ಅದು ಟೈರಿನ ಬದಿಯನ್ನು ಕೊರೆದು ಟ್ಯೂಬ್ ಒಡೆಸುತ್ತದೆ, ಕೆಳಕ್ಕೆ ಇಳಿದರೆ ರಿಮ್ಮಿನಿಂದ ಜಾರಿ ಕಡ್ಡಿಗಳ ಕಡೆ ಹೋಗುತ್ತದೆ. ಎತ್ತರ ಸರಿಯಾದ ಮೇಲೆ, ರಬ್ಬರಿನ ಹಿಂತುದಿಗೂ ರಿಮ್ಮಿಗೂ ನಡುವೆ ಅಂಚೆ ಕಾರ್ಡಿನಷ್ಟು ದಪ್ಪದ ಒಂದು ರಟ್ಟಿನ ತುಂಡನ್ನು ಸಿಕ್ಕಿಸಿ, ಬ್ರೇಕ್ ಲಿವರನ್ನು ಒತ್ತಿ ಹಿಡಿದುಕೊಂಡೇ ನಟ್ಟು ಬಿಗಿಮಾಡಿ, ಆಮೇಲೆ ರಟ್ಟನ್ನು ಎಳೆದುಬಿಡಿ. ಹಿಂತುದಿಯೆಂದರೆ ಸೈಕಲ್ಲಿನ ಹಿಂಭಾಗದ ಕಡೆಗಿರುವ ತುದಿ. ಹೀಗೆ ಮಾಡಿದರೆ ರಬ್ಬರಿನ ಮುಂತುದಿ ಕೂದಲೆಳೆಯಷ್ಟು ಮೊದಲು ತಾಗಿ, ಒತ್ತಿದಂತೆಲ್ಲ ಉಳಿದ ಭಾಗ ಕೂರುತ್ತದೆ. ರಬ್ಬರು ನಡುಗುವುದು ನಿಲ್ಲುತ್ತದೆ, ನಡುಕ ನಿಂತರೆ ಕಿರುಗುಟ್ಟುವಿಕೆಯೂ ನಿಲ್ಲುತ್ತದೆ. ಕೆಲವು ಬ್ರೇಕುಗಳಲ್ಲಿ ಹೀಗೆ ಓರೆ ಮಾಡಲು ಅವಕಾಶವಿರುವುದಿಲ್ಲ. ಅಂಥವಕ್ಕೆ ಸೂಜಿ ಮತ್ತು ಉಪ್ಪುಕಾಗದದ ಕೆಲಸವೇ ಸಾಕು. ಒಂದು ಬದಿಯನ್ನೂ ಬಿಡದೆ ಎರಡೂ ಬದಿಗೆ ಮಾಡಿ, ಎರಡು ಚಕ್ರಕ್ಕೂ ಮಾಡಿ.

ಸೂಜಿಯ ಕೆಲಸವನ್ನು ನನಗೆ ಕಲಿಸಿದವರು ನಮ್ಮ ತಂದೆ. ಆ ಕಾಲದ ಸೈಕಲ್ಲುಗಳಿಗೆ ವೈರಿನ ಬದಲು ಉಕ್ಕಿನ ಸರಳುಗಳ ಬ್ರೇಕ್ ಇರುತ್ತಿತ್ತು, ರಿಮ್ಮೂ ಉಕ್ಕಿನದೇ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಕಷ್ಟ. ಆದ್ದರಿಂದ ಮಳೆ ಬಂದರೆ ಸೈಕಲ್ಲನ್ನು ತಳ್ಳಿಕೊಂಡು ಬರಬೇಕೆಂದು ಅವರು ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದರು. ಈಗಿನ ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲಿ ಅದಕ್ಕಿಂತ ಎಷ್ಟೋ ಮೇಲು, ಆದರೂ ಒಣ ರಸ್ತೆಯಲ್ಲಿ ನಿಲ್ಲುವಷ್ಟು ಬೇಗ ನಿಲ್ಲುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ಡಿಸ್ಕ್ ಬ್ರೇಕಿರುವ, ಅಂದರೆ ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿದು ನಿಲ್ಲಿಸುವ ಸೈಕಲ್ಲಾದರೆ ಆ ತಟ್ಟೆಯನ್ನು ಬರಿ ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡೂ ಅದಕ್ಕೆ ಹೆಚ್ಚೇ, ಇಳಿಜಾರು ಇಳಿದು ಬಂದ ತಟ್ಟೆ ಕೈ ಸುಡುತ್ತದೆ, ತಿರುಗುತ್ತಿರುವ ತಟ್ಟೆ ಬೆರಳನ್ನೇ ಕತ್ತರಿಸುತ್ತದೆ. ತಟ್ಟೆಯನ್ನು ಹಿಡಿಯುವ ಪ್ಯಾಡು ಎಣ್ಣೆ ಕುಡಿದಿದ್ದರೆ ಉಜ್ಜಿ ಉಪಯೋಗವಿಲ್ಲ, ಹೊಸದನ್ನೇ ಹಾಕಿಸಬೇಕು.

ರಟ್ಟು ಸಿಕ್ಕಿಸುವಾಗ ಲಿವರ್ ಹಿಡಿಯಲು ಇನ್ನೊಬ್ಬರು ಬೇಕಾಗುತ್ತದೆ. ಆ ಕೆಲಸಕ್ಕೆ ಸೈಕಲ್ ಯಾರದೋ ಆ ಮಗುವನ್ನೇ ಕರೆಯಿರಿ. ಮಗುವಿನ ಬೆರಳು ಲಿವರನ್ನು ಮುಟ್ಟುತ್ತದೆಯೇ, ಮುಟ್ಟಿದರೂ ಒತ್ತಲು ಬಲ ಸಾಲುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ದೊಡ್ಡವರು ತಮ್ಮ ಕೈಯಿಂದ ಒತ್ತಿ ನೋಡಿ, ಬ್ರೇಕ್ ಚೆನ್ನಾಗಿದೆ ಎಂದುಬಿಡುತ್ತಾರೆ, ಓಡಿಸುವವರು ನೀವೇನು? ಅನೇಕ ಲಿವರುಗಳಲ್ಲಿ ಹ್ಯಾಂಡಲಿನ ಹತ್ತಿರಕ್ಕೆ ತರುವ ಒಂದು ಸಣ್ಣ ತಿರುಪಿರುತ್ತದೆ. ಅದನ್ನು ಬೇಕಾದಷ್ಟು ಒಳಗೆ ತಿರುಗಿಸಿ, ಆಮೇಲೆ ವೈರಿನ ಬಿಗಿಯನ್ನು ಮತ್ತೆ ಸರಿಮಾಡಿ. ಗಟ್ಟಿಯಾಗಿ ಒತ್ತಿದಾಗಲೂ ಲಿವರ್ ಹ್ಯಾಂಡಲಿಗೆ ತಾಗಕೂಡದು. ವೈರಿನ ಒಂದು ಎಳೆ ಬಿಚ್ಚಿಕೊಂಡಿದ್ದರೂ ಇಡೀ ವೈರನ್ನು ಬದಲಾಯಿಸಿ, ಉಳಿದ ಎಳೆಗಳನ್ನು ನಂಬಿ ಕೂರಬೇಡಿ. ಎಲ್ಲ ಮುಗಿದ ಮೇಲೆ ಸೈಕಲ್ಲನ್ನು ಇಳಿದು ತಳ್ಳಿ ನೋಡಿ: ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ನೂಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು, ಹಿಂದಿನದನ್ನು ಹಿಡಿದು ನೂಕಿದರೆ ಹಿಂದಿನ ಚಕ್ರ ತಿರುಗದೆ ಎಳೆದುಕೊಂಡು ಬರಬೇಕು.

ಎಣ್ಣೆ ಬೇಕಾದದ್ದು ಚೈನಿಗೆ, ಅದೂ ಹದವಾಗಿ. ಮೊದಲು ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಕೊಳೆ ತೆಗೆಯಿರಿ, ಚೈನಿನ ಪ್ರತಿ ಕೊಂಡಿಗೆ ಒಂದು ಹನಿ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಚಿಕ್ಕ ಸೈಕಲ್ಲಾದರೆ ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಮುಂದಕ್ಕೇ ತಿರುಗಿಸಬೇಕು. ಹೊರಗೆ ಉಳಿದ ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುವುದು ಬಿಟ್ಟರೆ ಇನ್ನಾವ ಕೆಲಸಕ್ಕೂ ಬರುವುದಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಒರೆಸದೆ, ಹಳೆಯ ಚಿಂದಿಯ ಮೇಲೆ ನಾಲ್ಕು ಸಾಲು ಹೊಲಿಗೆ ಓಡಿಸದೆ, ನೇರವಾಗಿ ಹೊಸ ಬಟ್ಟೆಗೆ ಕೈಹಾಕಿ ಕಲೆ ಮಾಡಿಕೊಳ್ಳುವವರೂ ಇದೇ ಅವಸರದವರು. ಇನ್ನೊಂದು ಮಾತು, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲ್ ತಿರುಗಿಸುವಾಗ ಪುಟ್ಟ ಮಕ್ಕಳನ್ನು ಹತ್ತಿರ ಬಿಡಬೇಡಿ. ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಬೆರಳು ಸಿಕ್ಕಿಕೊಳ್ಳುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ 1887ರಲ್ಲಿ ಗಾಳಿ ತುಂಬಿದ ರಬ್ಬರ್ ಟೈರನ್ನು ಮಾಡಿದ್ದು ತನ್ನ ಚಿಕ್ಕ ಮಗನ ಮೂರು ಚಕ್ರದ ಸೈಕಲ್ಲಿಗಾಗಿ; ಮರುವರ್ಷ ಅದಕ್ಕೆ ಪೇಟೆಂಟ್ ಪಡೆದ. ಮಗುವಿಗೆ ಸುಖವಾಗಲೆಂದು ಒಬ್ಬ ತಂದೆ ಅಷ್ಟು ಮಾಡಿದ, ನಾವು ಗಾಳಿ ನೋಡುವಷ್ಟಾದರೂ ಮಾಡಬೇಕಲ್ಲವೇ? ಎಷ್ಟು ಗಾಳಿ ಬೇಕೆಂಬುದನ್ನು ಟೈರಿನ ಬದಿಯಲ್ಲೇ ಪಿಎಸ್‌ಐ ಎಂಬ ಒತ್ತಡದ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿ ನೋಡುವುದು ನಂಬಿಕೆಗೆ ಅರ್ಹವಲ್ಲ, ಮೀಟರಿರುವ ಪಂಪನ್ನು ಬಳಸಿ. ಚಿಕ್ಕ ಟೈರಿನಲ್ಲಿ ಹಿಡಿಯುವ ಗಾಳಿಯೇ ಕಡಿಮೆಯಾದ್ದರಿಂದ ಸ್ವಲ್ಪ ಸೋರಿದರೂ ಒತ್ತಡ ಬೇಗ ಇಳಿಯುತ್ತದೆ. ಅದೇ ಕಾರಣಕ್ಕೆ, ವಾಹನಗಳಿಗೆ ಗಾಳಿ ತುಂಬುವ ಯಂತ್ರಕ್ಕೆ ಹಿಡಿದರೆ ಅರೆಕ್ಷಣದಲ್ಲಿ ಅತಿಯಾಗಿ ತುಂಬಿ ಟ್ಯೂಬ್ ಒಡೆಯುತ್ತದೆ. ಗಾಳಿ ಕಡಿಮೆಯಿದ್ದರೆ ತಿರುವಿನಲ್ಲಿ ಸೈಕಲ್ ಓಲಾಡುತ್ತದೆ, ಕಲ್ಲಿಗೆ ಬಡಿದಾಗ ರಿಮ್ಮು ಬಾಗುತ್ತದೆ. ಟೈರಿನ ಬದಿ ಬಿರುಕುಬಿಟ್ಟು ನೂಲು ಕಾಣುತ್ತಿದ್ದರೆ ಗಾಳಿ ಎಷ್ಟು ಹಿಡಿದರೂ ಆ ಟೈರನ್ನು ತೆಗೆದುಹಾಕಿ.

ಬೆಳೆಯುವ ಮಕ್ಕಳೆಂದು ಎರಡು ಅಳತೆ ದೊಡ್ಡ ಸೈಕಲ್ ತರುವುದನ್ನು ದಯವಿಟ್ಟು ನಿಲ್ಲಿಸಿ. ದೊಡ್ಡ ಅಂಗಿ ತೊಡಿಸಿದರೆ ಅಪಾಯವಿಲ್ಲ, ಕಾಲು ನೆಲಕ್ಕೆಟುಕದ ಸೈಕಲ್ಲಿನಿಂದ ಮಗು ಬೀಳುತ್ತದೆ. ಸೀಟಿನ ಮುಂದೆ ಅಡ್ಡಪಟ್ಟಿಯ ಮೇಲೆ ಕಾಲಗಲಿಸಿ ನಿಂತಾಗ ಎರಡು ಪಾದವೂ ನೆಲಕ್ಕೆ ಪೂರ್ತಿ ಊರಬೇಕು, ಪಟ್ಟಿಗೂ ಮೈಗೂ ನಡುವೆ ಸ್ವಲ್ಪ ಜಾಗ ಉಳಿಯಬೇಕು. ಕಲಿಯುವ ಮಗುವಿಗೆ ಸೀಟಿನ ಮೇಲೆ ಕುಳಿತಾಗಲೂ ಪಾದಗಳು ಊರುವಂತಿರಲಿ. ಕಲಿತ ಮೇಲೆ ಸೀಟನ್ನು ಮೆಲ್ಲಮೆಲ್ಲನೆ ಏರಿಸಬಹುದು. ಏರಿಸುವಾಗ ಸೀಟಿನ ಕಂಬದ ಮೇಲೆ ಕೊರೆದಿರುವ ಗುರುತು ಹೊರಗೆ ಕಾಣಿಸಕೂಡದು, ಕಂಡರೆ ಕಂಬ ಮುರಿಯುತ್ತದೆ, ಫ್ರೇಮೂ ಸೀಳುತ್ತದೆ.

ಹ್ಯಾಂಡಲಿನ ತುದಿಯ ರಬ್ಬರ್ ಹಿಡಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಇದು ನನ್ನ ದೊಡ್ಡ ಬೇಸರ. ಸೈಕಲ್ಲನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಬೀಳಿಸಿ, ಆ ಹಿಡಿಯ ತುದಿ ಹರಿದು ಒಳಗಿನ ಕೊಳವೆಯ ಬಾಯಿ ಹೊರಬಂದಿರುತ್ತದೆ. ಮಗು ಬೀಳುವಾಗ ಹ್ಯಾಂಡಲ್ ತಿರುಗಿ, ಆ ಬಾಯಿ ನೇರ ಹೊಟ್ಟೆಗೆ ಚುಚ್ಚುತ್ತದೆ. ಹೊರಗೆ ಸಣ್ಣ ತರಚು ಗಾಯವಷ್ಟೇ ಕಂಡರೂ ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಮೇದೋಜೀರಕ ಗ್ರಂಥಿಗೋ ಪೆಟ್ಟಾಗಿರಬಹುದು, ನೋವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಹ್ಯಾಂಡಲ್ ಹೊಟ್ಟೆಗೆ ತಗುಲಿತೆಂದು ಮಗು ಹೇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹರಿದ ಹಿಡಿಯನ್ನು ಆ ದಿನವೇ ಬದಲಾಯಿಸಿ.

ನಟ್ಟು ಬೋಲ್ಟುಗಳನ್ನು ಆಗಾಗ ಕೈಯಾಡಿಸಿ ನೋಡುತ್ತಿರಬೇಕು. ಚಕ್ರಕ್ಕೆ ಮಡಚುವ ಲಿವರಿದ್ದರೆ ಅದನ್ನು ತಿರುಪಿನಂತೆ ಸುತ್ತಿ ಬಿಡುವುದಲ್ಲ, ಅಂಗೈಯಲ್ಲಿ ಗುರುತು ಮೂಡುವಷ್ಟು ಬಲದಿಂದ ಮಡಚಿ ಮುಚ್ಚಬೇಕು. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ತಿಳಿಯದೆ ಬಲವಂತ ಮಾಡಿದವರು ಹಲ್ಲುಗಳನ್ನೆಲ್ಲ ಹಾಳುಮಾಡುತ್ತಾರೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಹ್ಯಾಂಡಲಿನ ಬುಡದಲ್ಲಿ ಟಕ್ಕೆಂದರೆ ರಿಪೇರಿಯವರ ಬಳಿ ಕೊಂಡೊಯ್ಯಿರಿ.

ಹದಿಹರೆಯದವರ ಸೈಕಲ್ಲಿನ ಕಡೆಗೆ ದೊಡ್ಡವರು ತಿರುಗಿಯೂ ನೋಡುವುದಿಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂಬ ಭಾವನೆ. ನನ್ನ ದೊಡ್ಡ ಮೊಮ್ಮಗ ಅಂದಕ್ಕೆಂದು ಮುಂದಿನ ಬ್ರೇಕಿನ ವೈರನ್ನೇ ಬಿಚ್ಚಿಟ್ಟಿದ್ದ. ಕೇಳಿದರೆ, "ಅಜ್ಜಿ, ಹಿಂದಿನದು ಇದೆಯಲ್ಲ" ಎಂದ. ನಿಲ್ಲಿಸುವ ಬಲದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ ಎಂಬುದನ್ನು ಖಾಲಿ ಜಾಗದಲ್ಲಿ ಎರಡು ರೀತಿಯಲ್ಲೂ ನಿಲ್ಲಿಸಿ ತೋರಿಸಿದ ಮೇಲೆಯೇ ಅವನು ಒಪ್ಪಿದ್ದು. ಗೇರ್ ಸೈಕಲ್ಲು ಬಲಕ್ಕೆ ಬಿದ್ದಿದ್ದರೆ ಹಿಂದಿನಿಂದ ಕುಳಿತು ನೋಡಿ: ಹಿಂದಿನ ಗೇರಿನ ತೋಳು ನೆಟ್ಟಗೆ ಕೆಳಗೆ ಇಳಿಬಿದ್ದಿರಬೇಕು. ಒಳಕ್ಕೆ ಬಾಗಿದ್ದರೆ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದಾಗ ಅದು ಕಡ್ಡಿಗಳಿಗೆ ಸಿಕ್ಕಿ ಚಕ್ರವನ್ನು ಒಮ್ಮೆಲೇ ಹಿಡಿದು ನಿಲ್ಲಿಸುತ್ತದೆ.

ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ನೆತ್ತಿಯ ಹಿಂದಕ್ಕೆ ಸರಿಸಿ ಹಾಕುವುದು ಹಾಕದಿದ್ದಂತೆಯೇ. ಒಮ್ಮೆ ಜೋರಾಗಿ ಬಡಿದುಕೊಂಡ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಿ, ಒಳಗಿನ ಫೋಮ್ ಒಂದು ಸಲದ ಪೆಟ್ಟು ತಿನ್ನಲೆಂದೇ ಇರುವುದು. ಸೈಕಲ್ ಇಳಿದು ಜಾರುಬಂಡೆ, ಏಣಿಗಳ ಕಡೆ ಆಡಲು ಹೋಗುವಾಗ ಅದನ್ನು ಕಡ್ಡಾಯವಾಗಿ ತೆಗೆಸಿ. ಪಟ್ಟಿ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ.

ಅಣ್ಣನ ಸೈಕಲ್ಲು ತಮ್ಮನಿಗೆ ಬರುವಾಗ, ಮೂಲೆಯಲ್ಲಿ ನಿಂತಿದ್ದಷ್ಟು ಕಾಲವೂ ಬ್ರೇಕ್ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ದಪ್ಪ ಇನ್ನೂ ಇದೆಯಲ್ಲ ಎಂದು ಉಳಿಸಿಕೊಳ್ಳಬೇಡಿ, ಉಗುರು ಒತ್ತಿದರೆ ಗುರುತು ಬೀಳದ ರಬ್ಬರನ್ನು ಎಸೆದು ಹೊಸದು ಹಾಕಿಸಿ. ಲಿವರನ್ನು ಚಿಕ್ಕವನ ಬೆರಳಿಗೆ ತಕ್ಕಂತೆ ಹತ್ತಿರ ತಂದು, ಸೀಟು ಇಳಿಸಿ, ವಾಹನವಿಲ್ಲದ ಜಾಗದಲ್ಲಿ ಅವನಿಂದ ಮೆಲ್ಲಗೆ ಓಡಿಸಿ ನಿಲ್ಲಿಸುವುದನ್ನು ಹಲವು ಸಲ ಮಾಡಿಸಿ. ಹೊಸ ರಬ್ಬರು ರಿಮ್ಮಿಗೆ ಹೊಂದಿಕೊಳ್ಳುವುದಕ್ಕೂ ಅಷ್ಟು ಬೇಕು, ಹೊಸ ಲಿವರ್ ಅವನ ಕೈಗೆ ಹೊಂದಿಕೊಳ್ಳುವುದಕ್ಕೂ ಅಷ್ಟು ಬೇಕು. ರಸ್ತೆಗೆ ಬಿಡುವುದು ಅದಾದ ಮೇಲೆ.