ಘಟ್ಟ ಹತ್ತುವಾಗ ಹಿಂದಿನ ಸೀಟಿಗೆ ಎಸಿ ಗಾಳಿ ಬರ್ತಿಲ್ವಾ?

ಹಳೇ ಐಷಾರಾಮಿ ಕಾರು ಇಟ್ಟುಕೊಂಡಿರುವ ಕಾರವಾರ, ಕುಮಟಾ, ಶಿರಸಿ ಕಡೆಯವರಿಗೆ ಒಂದು ಮಾತು.

ನಮ್ಮ ಹಳೇ ಪೆಟ್ರೋಲ್ ಬೆಂಜ್‌ನಲ್ಲಿ ದೇವಿಮನೆ ಘಟ್ಟ ಹತ್ತುವಾಗ ಹಿಂದೆ ಕೂತ ಅತ್ತೆಗೆ ಗಾಳಿಯೇ ಬರುತ್ತಿರಲಿಲ್ಲ. ಘಟ್ಟ ಮುಗಿದ ಮೇಲೆ ತಾನಾಗಿ ಬರುತ್ತಿತ್ತು. ಗ್ಯಾಸ್ ಹಾಕಿಸಿದ್ದು ದಂಡವಾಯಿತು.

ಕಾರಣ ಬೇರೆಯೇ ಇತ್ತು. ಇಂಥ ಕಾರುಗಳಲ್ಲಿ ಗಾಳಿಯ ದಾರಿ ಬದಲಿಸುವ ಮುಚ್ಚಳಗಳನ್ನು ಎಳೆಯುವುದು ಎಂಜಿನ್‌ನ ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಹೀರುವಾಗಿನ ಸೆಳೆತ. ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ವ್ಯಾಕ್ಯೂಮ್ ಇಳಿಯುತ್ತದೆ. ಆಗ ಅದನ್ನು ಹಿಡಿದಿಡುವುದು ಒಂದು ಪುಟ್ಟ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ). ನಮ್ಮದು ಸೋರುತ್ತಿತ್ತು. ಪಕ್ಕದ ರಬ್ಬರ್ ಪೈಪ್ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕು! ಎರಡನ್ನೂ ಬದಲಿಸಿದೆ, ಸರಿಹೋಯಿತು.

ಮೊದಲು ಮನೆಯಲ್ಲೇ ನೋಡಿ. ಹಿಂದಿನ ವೆಂಟ್ ಎದುರು ಟಿಶ್ಯೂ ಹಿಡಿಯಿರಿ, ಯಾರಾದರೂ ಗಾಳಿಯ ದಿಕ್ಕು ಬದಲಿಸುವ ಗುಂಡಿ ತಿರುಗಿಸಲಿ. ಡ್ಯಾಶ್‌ಬೋರ್ಡ್ ಒಳಗೆ ಬುಸ್ ಅಂತ ಸದ್ದು ಬಂದರೆ ವ್ಯಾಕ್ಯೂಮ್ ಸೋರಿಕೆ ಅಂತಲೇ ಅನುಮಾನಿಸಿ. ಕಪ್ಪು ಸ್ಪಂಜಿನ ಪುಡಿ ಹಾರಿದರೆ ಮುಚ್ಚಳದ ಫೋಮ್ ಹೋಗಿದೆ.

ನಮ್ಮ ಕರಾವಳಿಯ ತೇವಕ್ಕೆ ಮನೆ ಸೇರುವ ಐದು ನಿಮಿಷ ಮುಂಚೆ ಎಸಿ ಆರಿಸಿ, ಫ್ಯಾನ್ ಮಾತ್ರ ಬಿಡಿ. ಮುಗ್ಗಲು ವಾಸನೆ ಕಡಿಮೆಯಾಗುತ್ತದೆ. ಆರ್-12 ಅನ್ನುವ ಹಳೇ ಎಸಿ ಗ್ಯಾಸಿನ ಕಾರಿಗೆ ಆಮೇಲೆ ಬಂದ ಆರ್-134ಎ ಗ್ಯಾಸ್ ಸುಮ್ನೆ ತುಂಬಿಸಬೇಡಿ, ಅದಕ್ಕೆ ಎಣ್ಣೆಯೂ ಬೇರೆ ಬೇಕು.

ಅಂದಹಾಗೆ, 1940ರ ಅಮೆರಿಕದ ಐಷಾರಾಮಿ ಕಾರು ಪ್ಯಾಕಾರ್ಡ್‌ನಲ್ಲಿ ಎಸಿಯ ತಂಪು ಹಿಂದಿನಿಂದಲೇ ಬರುತ್ತಿತ್ತು. ಪೂರ್ತಿ ನಿಲ್ಲಿಸಲು ಎಂಜಿನ್ ಆರಿಸಿ ಕಂಪ್ರೆಸರ್ ಬೆಲ್ಟನ್ನೇ ಬಿಚ್ಚಬೇಕಿತ್ತು. ನಮಗೆ ಗುಂಡಿಯಾದರೂ ಇದೆ, ಅಲ್ವಾ?